ಕಾಯಿಸಿದರೆ ಗಟ್ಟಿಯಾಗುತ್ತದೋ, ಕುಸಿಯುತ್ತದೋ? ಲೋಹ ಬೆರೆತ ಸಿಲಿಕಾದ ಒಳಗೆ ನಡೆಯುವುದೇನು

2025ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಸುಸುಮು ಕಿಟಗಾವಾ, ರಿಚರ್ಡ್ ರಾಬ್ಸನ್, ಓಮರ್ ಯಾಘಿ ಈ ಮೂವರಿಗೆ ಬಂದ ಮೇಲೆ, ಮೈತುಂಬ ತೂತಿರುವ ವಸ್ತುಗಳು ಇದ್ದಕ್ಕಿದ್ದಂತೆ ಸುದ್ದಿಯಾದವು. ಅವರದು ಲೋಹದ ಅಣುಗಳನ್ನು ಇಂಗಾಲದ ಕೊಂಡಿಗಳಿಂದ ಹೆಣೆದ ಚೌಕಟ್ಟು. ಆ ಸುದ್ದಿಯ ಜಾಡು ಹಿಡಿದು ಓದುತ್ತಾ ಹೋದರೆ ಅದಕ್ಕಿಂತ ಹಳೆಯ, ಕಾರ್ಖಾನೆಗಳಲ್ಲಿ ದಶಕಗಳಿಂದ ದುಡಿಯುತ್ತಿರುವ ಇನ್ನೊಂದು ವಸ್ತು ಎದುರಾಗುತ್ತದೆ. ಅದೇ ಲೋಹ ಬೆರೆಸಿದ ರಂಧ್ರಭರಿತ ಸಿಲಿಕಾ. ಅದರ ಮುಖ್ಯ ಕೆಲಸ ಕ್ಯಾಟಲಿಸ್ಟ್ ಆಗುವುದು, ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವುದು.

ಗೊಂದಲ ಶುರುವಾಗುವುದು ಅಲ್ಲೇ. ಒಂದು ಕಡೆ '800 ಡಿಗ್ರಿಗೆ ಕಾಯಿಸಿದ ಮೇಲೆ ಚುರುಕಾಯಿತು' ಅಂತ ಇರುತ್ತದೆ. ಇನ್ನೊಂದು ಕಡೆ '500 ಡಿಗ್ರಿಗೇ ಕೆಟ್ಟುಹೋಯಿತು' ಅಂತ. ಮತ್ತೊಂದು ಕಡೆ '800 ಡಿಗ್ರಿ ತಡೆಯುತ್ತದೆ, ಆದರೆ ಕುದಿಯುವ ನೀರಲ್ಲಿ ಉಳಿಯುವುದಿಲ್ಲ' ಅಂತ. ಯಾರೋ ತಪ್ಪು ಬರೆದಿದ್ದಾರೆ ಅನ್ನಿಸುತ್ತದೆ ಅಲ್ವಾ? ಆದರೆ ಮೂರೂ ಸರಿ ಇರಬಹುದು. ಶಾಖ ಇಲ್ಲಿ ಒಂದೇ ಕೆಲಸ ಮಾಡುವುದಿಲ್ಲ. ನೀರನ್ನು ಓಡಿಸುತ್ತದೆ, ಗೋಡೆಯನ್ನು ಬಿಗಿಯುತ್ತದೆ, ಲೋಹವನ್ನು ಅಲ್ಲಾಡಿಸುತ್ತದೆ, ಕೆಲವೊಮ್ಮೆ ಅದೇ ಲೋಹವನ್ನು ಗೋಡೆಗೆ ಹೊಲಿದು ಕೂರಿಸುತ್ತದೆ. ಈ ನಾಲ್ಕೂ ಕೆಲಸಕ್ಕೆ ಅದರದರದೇ ವೇಗ ಇದೆ. ಯಾವುದು ಮೊದಲು ಮುಗಿಯುತ್ತದೆ ಅನ್ನುವುದರ ಮೇಲೆ ಫಲ ನಿಂತಿದೆ. ಬರೀ ಡಿಗ್ರಿ ನೋಡಿದರೆ ಇದು ಗೊತ್ತಾಗುವುದೇ ಇಲ್ಲ.

ಸಣ್ಣ ಪೊಟ್ಟಣದಿಂದ ಶುರು ಮಾಡೋಣ

ಹೊಸ ಶೂ ಅಥವಾ ಕ್ಯಾಮೆರಾ ಡಬ್ಬದೊಳಗೆ ಒಂದು ಪುಟ್ಟ ಪೊಟ್ಟಣ ಇರುತ್ತದಲ್ಲ, 'ತಿನ್ನಬೇಡಿ' ಅಂತ ಬರೆದಿರುತ್ತದಲ್ಲ, ಅದರಲ್ಲಿರುವ ಹರಳಿನಂಥ ಕಾಳುಗಳೇ ಸಿಲಿಕಾ ಜೆಲ್. ನೋಡೋಕೆ ಗಾಜಿನ ಚೂರು. ಮರಳಿನಲ್ಲಿರುವುದೂ ಇದೇ ಸಿಲಿಕಾನ್ ಮತ್ತು ಆಮ್ಲಜನಕ. ಆದರೆ ಮರಳಿನ ಸ್ಫಟಿಕದಲ್ಲಿ ಅಣುಗಳು ಸಾಲಾಗಿ ನಿಂತಿರುತ್ತವೆ, ಇಲ್ಲಿ ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿವೆ, ನಡುವೆ ಎಣಿಸಲಾಗದಷ್ಟು ಸಣ್ಣ ತೂತು. ಒಂದು ಗ್ರಾಂ ಜೆಲ್‌ನ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ 500 ಚದರ ಮೀಟರ್ ಆಗುವುದು ಸಾಮಾನ್ಯ.

ಇನ್ನೂ ಅಚ್ಚುಕಟ್ಟಾದ ತೂತು ಬೇಕು ಅಂದವರಿಗೆ 1992ರಲ್ಲಿ ದಾರಿ ಸಿಕ್ಕಿತು. ಮೊಬಿಲ್ ಕಂಪನಿಯ ವಿಜ್ಞಾನಿಗಳು ಸೋಪಿನಂಥ ಅಣುಗಳನ್ನು ಅಚ್ಚಾಗಿ ಇಟ್ಟು, ಅದರ ಸುತ್ತ ಸಿಲಿಕಾ ಬೆಳೆಸಿ, ಆಮೇಲೆ ಅಚ್ಚನ್ನು ಸುಟ್ಟು ತೆಗೆದರು. ಜೇನುಗೂಡಿನ ಹಾಗೆ ಸಾಲು ಸಾಲು ಕೊಳವೆಗಳು ಉಳಿದವು. ಹೆಸರು ಎಂಸಿಎಂ-41. ಅದರ ಗೋಡೆ ಸುಮಾರು 1 ನ್ಯಾನೋಮೀಟರ್ ದಪ್ಪ, ಅಂದರೆ ಕೆಲವೇ ಅಣುಗಳಷ್ಟು. 1998ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ತಂಡ ಎಸ್‌ಬಿಎ-15 ಮಾಡಿತು. ಅದರದು 3ರಿಂದ 6 ನ್ಯಾನೋಮೀಟರ್ ಗೋಡೆ. ಶಾಖದ ವಿಷಯಕ್ಕೆ ಬಂದಾಗ ಈ ದಪ್ಪದ ಅಂತರವೇ ದೊಡ್ಡ ಅಂತರ.

ಇನ್ನು ಲೋಹ. ಕೆಲವು ಪೊಟ್ಟಣಗಳಲ್ಲಿ ನೀಲಿ ಕಾಳುಗಳಿರುತ್ತವೆ, ತೇವ ಕುಡಿದ ಮೇಲೆ ಗುಲಾಬಿಯಾಗುತ್ತವೆ. ಅದು ಕೋಬಾಲ್ಟ್ ಕ್ಲೋರೈಡ್. ಒಣಗಿದ್ದಾಗ ಕೋಬಾಲ್ಟ್ ಸುತ್ತ ನಾಲ್ಕು ಜನ ನೆರೆಯವರು, ನೀಲಿ. ನೀರು ಬಂದಾಗ ಆರು ಜನ, ಗುಲಾಬಿ. ಹದವಾಗಿ 120 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿದರೆ ನೀರು ಹೊರಟು ಮತ್ತೆ ನೀಲಿ. ಜಾಸ್ತಿ ಕಾಯಿಸಿದರೆ ಕೋಬಾಲ್ಟಿನ ಉಪ್ಪೇ ಬದಲಾಗಿಬಿಡುತ್ತದೆ, ಆಮೇಲೆ ಎಷ್ಟು ತೇವ ಕುಡಿದರೂ ಬಣ್ಣ ಸರಿಯಾಗಿ ಹೇಳುವುದಿಲ್ಲ. ಕಾಳು ನೋಡೋಕೆ ಹಾಗೇ ಇರುತ್ತದೆ. ಲೋಹದ ಗುಣ ಅದರ ನೆರೆಹೊರೆಯಲ್ಲಿದೆ, ಶಾಖ ಆ ನೆರೆಹೊರೆಯನ್ನೇ ಬದಲಿಸುತ್ತದೆ. ಮುಂದೆ ಹೇಳುವ ಎಲ್ಲದರ ಚಿಕ್ಕ ರೂಪ ಈ ಕಾಳಿನಲ್ಲೇ ಇದೆ. (ಕೋಬಾಲ್ಟ್ ಕ್ಲೋರೈಡ್ ಕ್ಯಾನ್ಸರ್ ತರುವ ವಸ್ತು ಅಂತ ಯುರೋಪ್ 2008ರಲ್ಲೇ ಅದನ್ನು ಕಳವಳದ ಪಟ್ಟಿಗೆ ಸೇರಿಸಿದೆ, ಹಾಗಾಗಿ ಈಗ ಕಿತ್ತಳೆ ಬಣ್ಣದ, ಕೋಬಾಲ್ಟ್ ಇಲ್ಲದ ಕಾಳುಗಳೂ ಬರುತ್ತವೆ.)

ಮೊದಲು ಹೊರಡುವುದು ನೀರು

ಸಿಲಿಕಾದ ಒಳಗೋಡೆ ಬರಿಗೋಡೆಯಲ್ಲ. ಅದರ ತುಂಬ ಹೈಡ್ರಾಕ್ಸಿಲ್ ಗುಂಪುಗಳು, ಅಂದರೆ ಒಂದು ಆಮ್ಲಜನಕಕ್ಕೆ ಒಂದು ಹೈಡ್ರೋಜನ್ ಅಂಟಿದ ಕೊಕ್ಕೆಗಳು. ಇವಕ್ಕೆ ಸಿಲನಾಲ್ ಅಂತ ಹೆಸರು. ಪೂರ್ತಿ ತೇವ ಉಂಡ ಸಿಲಿಕಾದಲ್ಲಿ ಒಂದು ಚದರ ನ್ಯಾನೋಮೀಟರಿಗೆ ಸುಮಾರು 5 ಸಿಲನಾಲ್ ಇರುತ್ತವೆ. ಇವುಗಳ ಮೇಲೆ ಕೂತ ಸುಮ್ನೆ ಅಂಟಿದ ನೀರು 200 ಡಿಗ್ರಿಯೊಳಗೆ ಹೋಗಿಬಿಡುತ್ತದೆ. ಅದು ಸುಲಭದ ಭಾಗ.

ಅದಾದ ಮೇಲೆ ಸಿಲನಾಲ್‌ಗಳೇ ಕರಗತೊಡಗುತ್ತವೆ. ಪಕ್ಕಪಕ್ಕದ ಎರಡು ಕೊಕ್ಕೆ ಸೇರಿ ಒಂದು ನೀರಿನ ಅಣುವನ್ನು ಹೊರಕ್ಕೆ ಬಿಡುತ್ತವೆ, ತಾವು ಒಂದು ಆಮ್ಲಜನಕದ ಸೇತುವೆಯಾಗಿ ಉಳಿಯುತ್ತವೆ. ಲೆಕ್ಕ ಹಾಕಿ ನೋಡಿ. 500 ಚದರ ಮೀಟರಿನ ಒಂದು ಗ್ರಾಂ ಜೆಲ್ ತನ್ನ ಸಿಲನಾಲ್‌ಗಳನ್ನೆಲ್ಲ ಹೀಗೆ ಕಳೆದುಕೊಂಡರೆ ಸುಮಾರು 37 ಮಿಲಿಗ್ರಾಂ ನೀರು ಹೊರಬರುತ್ತದೆ. ಒಣಗಿದೆ ಅಂತ ನಾವು ಅಂದುಕೊಂಡ ಕಾಳಿನ ತೂಕದಲ್ಲಿ ನೂರಕ್ಕೆ ಹತ್ತಿರಹತ್ತಿರ 4 ಪಾಲು.

ಇಲ್ಲಿ 400 ಡಿಗ್ರಿ ಸುತ್ತಮುತ್ತ ಒಂದು ಗಡಿ ಇದೆ. ಅದಕ್ಕಿಂತ ಕೆಳಗೆ ಹೋದ ಸಿಲನಾಲ್‌ಗಳು ತೇವ ತಾಗಿದರೆ ವಾಪಸ್ ಬರುತ್ತವೆ. ಆ ಗಡಿ ದಾಟಿದರೆ ಉಳಿಯುವುದು ದೂರದೂರ ನಿಂತ ಒಂಟಿ ಸಿಲನಾಲ್‌ಗಳು, ಮತ್ತು ಮೇಲ್ಮೈ ನೀರಿಗೆ ಅಷ್ಟು ಬೇಗ ಒಲಿಯುವುದಿಲ್ಲ. ಈ ಒಂಟಿಗಳು ಹಠಮಾರಿಗಳು, 1000 ಡಿಗ್ರಿಯ ಹತ್ತಿರವೂ ಕೆಲವು ಇರುತ್ತವೆ.

ಇದು ಲೋಹಕ್ಕೆ ಯಾಕೆ ಮುಖ್ಯ? ಸಿಲಿಕಾ ಲೋಹವನ್ನು ಹಿಡಿದುಕೊಳ್ಳುವುದೇ ಈ ಕೊಕ್ಕೆಗಳಿಂದ. ಲೋಹ ಸೇರಿಸುವ ಮೊದಲೇ ಸಿಲಿಕಾವನ್ನು ಜೋರಾಗಿ ಕಾಯಿಸಿದರೆ ಕೊಕ್ಕೆ ಕಡಿಮೆಯಾಗಿ ಲೋಹಕ್ಕೆ ಹಿಡಿತ ಸಿಗುವುದಿಲ್ಲ. ಲೋಹ ಸೇರಿಸಿದ ಮೇಲೆ ಕಾಯಿಸಿದರೆ ಅದೇ ಕೊಕ್ಕೆ ಲೋಹದ ಜೊತೆ ಗಂಟು ಹಾಕಿಕೊಳ್ಳುತ್ತದೆ. ಸಾಮಾನು ಅವೇ, ಶಾಖವೂ ಅದೇ. ಕ್ರಮ ತಿರುಗಿದರೆ ಬೇರೆ ವಸ್ತು.

ಆಮೇಲೆ ಗೋಡೆ ಬಿಗಿಯುತ್ತದೆ

ಗಾಜಿನ ಸಿಲಿಕಾ ಮೆತ್ತಗಾಗುವುದಕ್ಕೆ 1600 ಡಿಗ್ರಿಗೂ ಮೇಲೆ ಬೇಕು. ಹಾಗಾದರೆ 600-700 ಡಿಗ್ರಿಗೇ ತೂತುಗಳು ಕುಗ್ಗುವುದು ಯಾಕೆ? ತೂತಿನ ಗಾತ್ರ ಕಾರಣ. ಮೇಲ್ಮೈ ಜಾಸ್ತಿ ಇರುವುದು ಯಾವ ವಸ್ತುವಿಗೂ ಹಿತವಲ್ಲ, ಸಿಕ್ಕಿದರೆ ಕಡಿಮೆ ಮಾಡಿಕೊಳ್ಳಲು ನೋಡುತ್ತದೆ. ನೀರಹನಿ ಗುಂಡಗಾಗುವುದೂ ಇದಕ್ಕೇ. ತೂತು ಎಷ್ಟು ಸಣ್ಣದೋ ಅದನ್ನು ಮುಚ್ಚಿಬಿಡುವ ಒತ್ತಡ ಅಷ್ಟು ದೊಡ್ಡದು. ಹಾಗಾಗಿ ಮೊದಲು ಮುಚ್ಚುವುದು ತೀರಾ ಸಣ್ಣ ತೂತುಗಳು. ದೊಡ್ಡವು ಆಮೇಲೆ.

ತೆಳ್ಳನೆ ಗೋಡೆಯ ಎಂಸಿಎಂ-41 ಒಣ ಗಾಳಿಯಲ್ಲಿ 800 ಡಿಗ್ರಿ ಹತ್ತಿರದವರೆಗೂ ತನ್ನ ಸಾಲು ಉಳಿಸಿಕೊಳ್ಳುತ್ತದೆ. ಅದನ್ನೇ ಕುದಿಯುವ ನೀರಿನಲ್ಲಿ ಒಂದೆರಡು ದಿನ ಬಿಟ್ಟರೆ ಕುಸಿದು ಹೋಗುತ್ತದೆ. ಬರೀ 100 ಡಿಗ್ರಿ! ಮೊದಲಿಗೆ ನಂಬೋಕೆ ಕಷ್ಟ, ಆದರೆ ಕಾರಣ ಸರಳ. ಒಣ ಶಾಖದಲ್ಲಿ ಸಿಲಿಕಾನ್-ಆಮ್ಲಜನಕದ ಸೇತುವೆ ಮುರಿಯಲು ತುಂಬ ಶಕ್ತಿ ಬೇಕು. ನೀರು ಇದ್ದರೆ ಅದು ಸೇತುವೆಯ ನಡುವೆ ನುಗ್ಗಿ ಎರಡು ಸಿಲನಾಲ್ ಮಾಡಿ ಬಿಡಿಸಿಬಿಡುತ್ತದೆ. ಆ ಸಿಲನಾಲ್‌ಗಳು ಮತ್ತೆಲ್ಲೋ ಇನ್ನೊಂದರ ಜೊತೆ ಸೇರುತ್ತವೆ. ಬಿಚ್ಚು, ಕಟ್ಟು, ಬಿಚ್ಚು, ಕಟ್ಟು. ಒಂದು ಗೋಡೆಯಲ್ಲಿ ಕೆಲವೇ ಅಣುಗಳ ದಪ್ಪ ಇದ್ದಾಗ ಇಷ್ಟು ಸಾಕು. ಹಬೆಯೂ ಇದನ್ನೇ ಮಾಡುತ್ತದೆ, ಇನ್ನೂ ಬೇಗ. ಹಾಗಾಗಿ 'ಇಷ್ಟು ಡಿಗ್ರಿ ತಡೆಯುತ್ತದೆ' ಅನ್ನುವ ಮಾತಿನ ಜೊತೆ 'ಒಣ ಗಾಳಿಯಲ್ಲೋ, ಹಬೆಯಲ್ಲೋ' ಅನ್ನುವುದು ಇಲ್ಲದಿದ್ದರೆ ಆ ಮಾತು ಅರ್ಧ ಮಾತ್ರ.

ಲೋಹ ಎಲ್ಲಿ ಕೂತಿದೆ ಅನ್ನುವುದೇ ಮುಖ್ಯ ಪ್ರಶ್ನೆ

'ಲೋಹ ಬೆರೆಸಿದ ಸಿಲಿಕಾ' ಅಂದಾಗ ಮೂರು ಬೇರೆಬೇರೆ ಸಂಗತಿಗಳನ್ನು ಒಂದೇ ಹೆಸರಲ್ಲಿ ಕರೆಯುತ್ತಿದ್ದೇವೆ. ಲೋಹ ಗೋಡೆಯೊಳಗೆ ಸಿಲಿಕಾನ್ ಇರಬೇಕಾದ ಜಾಗದಲ್ಲೇ ಕೂತಿರಬಹುದು. ಗೋಡೆಯ ಮೇಲೆ ಒಂದೊಂದೇ ಅಣುವಾಗಿ ಕೊಕ್ಕೆಗೆ ಸಿಕ್ಕಿಕೊಂಡಿರಬಹುದು. ಇಲ್ಲವೇ ತೂತಿನೊಳಗೆ ಉಂಡೆಯಾಗಿ, ಕಣವಾಗಿ ಬಿದ್ದಿರಬಹುದು. ಕಾಯಿಸುವಾಗ ಈ ಮೂರರ ನಡುವೆ ಲೋಹ ಓಡಾಡುತ್ತದೆ.

ಗೋಡೆಯೊಳಗೆ ಕೂರುವ ಲೋಹಕ್ಕೆ ಟೈಟಾನಿಯಂ ಒಳ್ಳೆಯ ಉದಾಹರಣೆ. 1983ರಲ್ಲಿ ಇಟಲಿಯ ಎನಿ ಸಮೂಹದ ಸಂಶೋಧಕರು ಪೇಟೆಂಟ್ ಪಡೆದ ಟಿಎಸ್-1 ಅನ್ನುವ ಸಿಲಿಕಾದಲ್ಲಿ ಅಲ್ಲಲ್ಲಿ ಸಿಲಿಕಾನ್ ಬದಲು ಟೈಟಾನಿಯಂ ಇದೆ. ಹೀಗೆ ಒಂಟಿಯಾಗಿ ಕೂತ ಟೈಟಾನಿಯಂ ಹೈಡ್ರೋಜನ್ ಪೆರಾಕ್ಸೈಡ್ ಅನ್ನು ಹದವಾಗಿ ಬಳಸಿ ಪ್ರೊಪಿಲೀನ್ ಆಕ್ಸೈಡ್ ಅನ್ನುವ ಕೈಗಾರಿಕಾ ರಾಸಾಯನಿಕ ಮಾಡುತ್ತದೆ, ಕಸವಾಗಿ ಉಳಿಯುವುದು ಹೆಚ್ಚಾಗಿ ನೀರು. ಅದೇ ಟೈಟಾನಿಯಂ ಗೋಡೆ ಬಿಟ್ಟು ಹೊರಬಂದು ಟೈಟಾನಿಯಂ ಡೈಆಕ್ಸೈಡ್ ಕಣವಾದರೆ, ಪೆರಾಕ್ಸೈಡ್ ಅನ್ನು ಸುಮ್ನೆ ಒಡೆದು ಹಾಳುಮಾಡುತ್ತದೆ. ಲೋಹದ ಪ್ರಮಾಣ ಒಂದು ಗುಲಗಂಜಿಯಷ್ಟೂ ಬದಲಾಗಿರುವುದಿಲ್ಲ. ಅಲ್ಯೂಮಿನಿಯಂ ಕಥೆಯೂ ಹೀಗೇ: ಎಂಸಿಎಂ-41ರ ಅಚ್ಚನ್ನು ಸುಟ್ಟು ತೆಗೆಯಲು ಸುಮಾರು 550 ಡಿಗ್ರಿಗೆ ಕಾಯಿಸುತ್ತಾರೆ, ಆಗ ಅಚ್ಚಿನ ಜೊತೆ ಗೋಡೆಯೊಳಗಿನ ಅಲ್ಯೂಮಿನಿಯಂನಲ್ಲೂ ಒಂದಿಷ್ಟು ಹೊರಗೆ ಜಾರುತ್ತದೆ. ಕಸ ತೆಗೆಯಲು ಹೋಗಿ ಮನೆಯ ಕಂಬವನ್ನೂ ಅಲ್ಲಾಡಿಸಿದ ಹಾಗೆ. ಅದಕ್ಕೇ ಅಚ್ಚನ್ನು ಸುಡದೆ ಆಲ್ಕೋಹಾಲಿನಲ್ಲಿ ತೊಳೆದು ತೆಗೆಯುವ ದಾರಿಯನ್ನೂ ಹುಡುಕಿದ್ದಾರೆ.

ಲೋಹ ನಡೆಯತೊಡಗುವುದು ಯಾವಾಗ?

ಲೋಹ ಕರಗುವ ತನಕ ಅಲ್ಲೇ ಇರುತ್ತದೆ ಅನ್ನುವುದು ಸಹಜವಾದ ಊಹೆ. ಆದರೆ ಅದು ಸರಿಯಲ್ಲ. ಪರಮ ತಾಪಮಾನದಲ್ಲಿ, ಅಂದರೆ ಕೆಲ್ವಿನ್‌ನಲ್ಲಿ ಎಣಿಸಿದರೆ, ಕರಗುವ ಬಿಂದುವಿನ ಅರ್ಧಕ್ಕೆ ಬಂದಾಗಲೇ ಲೋಹದ ಅಣುಗಳು ಒಳಗೊಳಗೇ ಓಡಾಡತೊಡಗುತ್ತವೆ. ಇದು ಟಮ್ಮನ್ ತಾಪಮಾನ ಅನ್ನುವ ಹಳೆಯ ಅಂದಾಜು. ತಾಮ್ರ ಕರಗುವುದು 1085 ಡಿಗ್ರಿಗೆ, 273 ಕೂಡಿಸಿದರೆ 1358 ಕೆಲ್ವಿನ್. ಅದರ ಅರ್ಧ 679 ಕೆಲ್ವಿನ್, ಅಂದರೆ ಸುಮಾರು 400 ಡಿಗ್ರಿ. ನಿಕ್ಕಲ್‌ಗೆ ಸುಮಾರು 590. ಪ್ಲಾಟಿನಂಗೆ ಸುಮಾರು 750. ಮೇಲ್ಮೈಯಲ್ಲಿರುವ ಅಣುಗಳು ಇನ್ನೂ ಮೊದಲೇ ಚಲಿಸುತ್ತವೆ. 500 ಡಿಗ್ರಿಗೆ ತಾಮ್ರ ಬೆರೆತ ಸಿಲಿಕಾ ಕೆಟ್ಟಿತು, ಪ್ಲಾಟಿನಂ ಬೆರೆತದ್ದು ಉಳಿಯಿತು ಅಂತ ಓದಿದರೆ ಆಶ್ಚರ್ಯ ಪಡಬೇಕಿಲ್ಲ.

ನಡೆಯುವುದು ಎರಡು ಬಗೆ. ಇಡೀ ಕಣವೇ ಜಾರಿಕೊಂಡು ಹೋಗಿ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಒಂದಾಗುತ್ತದೆ. ಇಲ್ಲವೇ ಸಣ್ಣ ಕಣದಿಂದ ಅಣುಗಳು ಒಂದೊಂದಾಗಿ ಬಿಟ್ಟುಹೋಗಿ ದೊಡ್ಡ ಕಣಕ್ಕೆ ಸೇರುತ್ತವೆ, ದೊಡ್ಡ ಮೀನು ಸಣ್ಣ ಮೀನನ್ನು ನುಂಗಿದ ಹಾಗೆ. ಎರಡರ ಕೊನೆಯೂ ಒಂದೇ: ಕಣಗಳು ಕಡಿಮೆ, ಗಾತ್ರ ದೊಡ್ಡದು. 2 ನ್ಯಾನೋಮೀಟರ್ ಕಣದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅಣುಗಳು ಹೊರಮೈಯಲ್ಲಿರುತ್ತವೆ. 10 ನ್ಯಾನೋಮೀಟರಿಗೆ ಬೆಳೆದರೆ ಹತ್ತರಲ್ಲಿ ಒಂದು ಅಷ್ಟೇ. ಕೆಲಸ ಮಾಡುವುದು ಹೊರಮೈ ಅಣುಗಳು ಮಾತ್ರ, ಉಳಿದವು ಒಳಗೆ ಬಂದಿಯಾಗಿರುತ್ತವೆ.

ಇಲ್ಲಿ ಸಿಲಿಕಾದ ಒಂದು ದೌರ್ಬಲ್ಯ ಒಪ್ಪಿಕೊಳ್ಳಬೇಕು. ಲೋಹದ ಕಣಗಳನ್ನು ಅದು ಗಟ್ಟಿಯಾಗಿ ಹಿಡಿಯುವುದಿಲ್ಲ. 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ತುಂಬ ಚರ್ಚೆಯಾಯಿತು. ಪ್ಲಾಟಿನಂ ಅನ್ನು ಸೀರಿಯಂ ಆಕ್ಸೈಡ್ ಜೊತೆ ಇಟ್ಟು ಗಾಳಿಯಲ್ಲಿ 800 ಡಿಗ್ರಿಗೆ ಕಾಯಿಸಿದರೆ, ಉಂಡೆಯಾಗುವ ಬದಲು ಪ್ಲಾಟಿನಂ ಒಂದೊಂದೇ ಅಣುವಾಗಿ ಹರಡಿಕೊಂಡಿತ್ತು. 'ಶಾಖ ಲೋಹವನ್ನು ಹರಡುತ್ತದೆ' ಅನ್ನುವ ಸುದ್ದಿಯ ಮೂಲ ಇಂಥವು. ಆದರೆ ಅಲ್ಲಿ ಅಣುಗಳನ್ನು ಹಿಡಿದದ್ದು ಸೀರಿಯಂ ಆಕ್ಸೈಡಿನ ಮೇಲ್ಮೈ. ಬರೀ ಸಿಲಿಕಾದಲ್ಲಿ ಅಂಥ ಗಟ್ಟಿ ಬಲೆಗಳಿಲ್ಲ, ಹಾಗಾಗಿ ಅದೇ ಶಾಖದಲ್ಲಿ ಪ್ಲಾಟಿನಂ ಉಂಡೆಕಟ್ಟುತ್ತದೆ. ಒಂದರ ಫಲವನ್ನು ಇನ್ನೊಂದಕ್ಕೆ ಅಂಟಿಸಿ ಓದಿದಾಗಲೇ ತಲೆಕೆಡುವುದು.

ಯಾವ ಗಾಳಿಯಲ್ಲಿ ಕಾಯಿಸಿದರು?

ನನಗೆ ಇಡೀ ವಿಷಯದಲ್ಲಿ ತುಂಬ ಮುಖ್ಯ ಅನ್ನಿಸುವುದು ಇದೇ, ವರದಿಗಳಲ್ಲಿ ಬಿಟ್ಟುಹೋಗುವುದೂ ಇದೇ.

ನಿಕ್ಕಲ್ ಬೇಕಾದರೆ ಸಾಮಾನ್ಯವಾಗಿ ನಿಕ್ಕಲ್ ನೈಟ್ರೇಟ್ ಅನ್ನು ನೀರಲ್ಲಿ ಕರಗಿಸಿ ಸಿಲಿಕಾಗೆ ಕುಡಿಸುತ್ತಾರೆ, ಒಣಗಿಸುತ್ತಾರೆ, ಕಾಯಿಸುತ್ತಾರೆ. ಗಾಳಿಯಲ್ಲಿ ಕಾಯಿಸಿದರೆ ನೈಟ್ರೇಟ್ ಒಡೆಯುವಾಗ ದೊಡ್ಡ ದೊಡ್ಡ ಆಕ್ಸೈಡ್ ಕಣಗಳಾಗುತ್ತವೆ, ಕೊಳವೆಗಳಲ್ಲಿ ಅಲ್ಲಲ್ಲಿ ಗುಂಪುಗೂಡುತ್ತವೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ತಂಡ 2007ರಲ್ಲಿ ತೋರಿಸಿದ್ದು ಏನೆಂದರೆ, ಅದೇ ಎಸ್‌ಬಿಎ-15, ಅದೇ ನೈಟ್ರೇಟ್ ಇಟ್ಟುಕೊಂಡು ಹರಿಯುವ ಅನಿಲದಲ್ಲಿ ಸ್ವಲ್ಪ ನೈಟ್ರಿಕ್ ಆಕ್ಸೈಡ್ ಬೆರೆಸಿದರೆ ಸಾಕು, ಕಣಗಳು ಕೆಲವೇ ನ್ಯಾನೋಮೀಟರಿನಲ್ಲಿ ನಿಂತು ಒಂದೇ ಸಮ ಹರಡುತ್ತವೆ. ಡಿಗ್ರಿ ಬದಲಾಗಲಿಲ್ಲ, ಅನಿಲ ಬದಲಾಯಿತು. ಹಾಗೇ ಅನಿಲ ಹರಿಯುತ್ತಿತ್ತಾ, ನಿಂತಿತ್ತಾ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ತಟ್ಟೆಯಲ್ಲಿ ದಪ್ಪಗೆ ಹರಡಿದ ಪುಡಿಯ ತಳದಲ್ಲಿ ಹೊರಬಂದ ನೀರು ಮತ್ತು ಅನಿಲ ಅಲ್ಲೇ ಸುಳಿದಾಡುತ್ತವೆ, ಮೇಲಿನ ಪದರ ಒಣ ಗಾಳಿ ಕಾಣುತ್ತದೆ. ಒಂದೇ ಕುಲುಮೆ, ಒಂದೇ ತಟ್ಟೆ, ಮೇಲೊಂದು ವಸ್ತು, ಕೆಳಗೊಂದು ವಸ್ತು.

ಹೈಡ್ರೋಜನ್‌ನಲ್ಲಿ ಕಾಯಿಸಿದರೆ ಕಥೆಯೇ ಬೇರೆ, ಆಕ್ಸೈಡ್ ಇದ್ದದ್ದು ಲೋಹವಾಗುತ್ತದೆ. ತಾಮ್ರದಲ್ಲಿ ಇದನ್ನು ಬರಿಗಣ್ಣಲ್ಲಿ ನೋಡಬಹುದು: ಗೋಡೆಗೆ ಅಂಟಿದ ತಾಮ್ರ ತಿಳಿನೀಲಿ, ಗಾಳಿಯಲ್ಲಿ ಕಾಯಿಸಿ ಉಂಡೆಯಾದ ಆಕ್ಸೈಡ್ ಕಪ್ಪು, ಹೈಡ್ರೋಜನ್ ಹರಿಸಿದ ಮೇಲೆ ಕೆಂಪುಗಂದು.

ಕ್ರೋಮಿಯಂ: ಶಾಖವೇ ಪ್ರಾಣ ಕೊಟ್ಟ ಕಡೆ

ಶಾಖ ಅಂದರೆ ಹಾಳು ಅನ್ನುವವರಿಗೆ ಉತ್ತರವಾಗಿ ನಿಲ್ಲುವುದು ಫಿಲಿಪ್ಸ್ ಕ್ಯಾಟಲಿಸ್ಟ್. 1951ರಲ್ಲಿ ಫಿಲಿಪ್ಸ್ ಪೆಟ್ರೋಲಿಯಂನ ಪಾಲ್ ಹೋಗನ್ ಮತ್ತು ರಾಬರ್ಟ್ ಬ್ಯಾಂಕ್ಸ್ ಕಂಡುಕೊಂಡದ್ದು. ರಂಧ್ರಭರಿತ ಸಿಲಿಕಾ ಮೇಲೆ ನೂರಕ್ಕೆ ಸುಮಾರು 1 ಪಾಲು ಕ್ರೋಮಿಯಂ, ಅಷ್ಟೇ. ಕ್ಯಾನು, ಪೈಪು, ಡ್ರಮ್ಮುಗಳಿಗೆ ಬಳಸುವ, ಎಥಿಲೀನ್ ಅನಿಲದಿಂದ ಮಾಡುವ ಗಟ್ಟಿ ಪ್ಲಾಸ್ಟಿಕ್ಕಾದ ಪಾಲಿಎಥಿಲೀನ್‌ನ ದೊಡ್ಡ ಪಾಲು ಇಂದಿಗೂ ಇದರಿಂದಲೇ ಬರುತ್ತದೆ.

ಕಾರ್ಖಾನೆಗೆ ಬರುವಾಗ ಪುಡಿ ಸಾಮಾನ್ಯವಾಗಿ ಮೂರು ವೇಲೆನ್ಸಿಯ (ಅಂದರೆ ಮೂರು ಎಲೆಕ್ಟ್ರಾನ್ ಬಿಟ್ಟುಕೊಟ್ಟ) ಕ್ರೋಮಿಯಂ ಉಪ್ಪು ಹೊತ್ತಿರುತ್ತದೆ, ಬಣ್ಣ ಹಸಿರು ಛಾಯೆ. ಆಗ ಅದು ಏನೂ ಮಾಡುವುದಿಲ್ಲ. ಒಣ ಗಾಳಿ ಕೆಳಗಿನಿಂದ ಊದುತ್ತಾ, ಪುಡಿ ಕುದಿಯುವ ನೀರಿನ ಹಾಗೆ ಮೇಲೆ ಕೆಳಗೆ ಆಡುತ್ತಿರುವಾಗ 600ರಿಂದ 850 ಡಿಗ್ರಿಯವರೆಗೆ ಗಂಟೆಗಟ್ಟಲೆ ಕಾಯಿಸುತ್ತಾರೆ. ಹೊರಬರುವಾಗ ಕಿತ್ತಳೆ ಬಣ್ಣ. ಕ್ರೋಮಿಯಂ ಆರು ವೇಲೆನ್ಸಿಗೆ ಏರಿದೆ.

ಇಲ್ಲೇ ಸ್ವಾರಸ್ಯ ಇರುವುದು. ಆರು ವೇಲೆನ್ಸಿಯ ಕ್ರೋಮಿಯಂ ಆಕ್ಸೈಡ್ ಒಂಟಿಯಾಗಿದ್ದರೆ 200 ಡಿಗ್ರಿಯ ಹತ್ತಿರ ಕರಗಿ, 250 ದಾಟಿದ ಮೇಲೆ ಆಮ್ಲಜನಕ ಬಿಟ್ಟು ಕೊನೆಗೆ ಹಸಿರು ಆಕ್ಸೈಡ್ ಆಗಿಬಿಡುತ್ತದೆ. ಸಿಲಿಕಾ ಮೇಲೆ ಅದು 800 ಡಿಗ್ರಿಯಲ್ಲೂ ಉಳಿಯುತ್ತದೆ. ಯಾಕೆಂದರೆ ಒಂದೊಂದು ಕ್ರೋಮಿಯಂ ಕೂಡ ಸಿಲನಾಲ್‌ಗಳ ಜೊತೆ ಸೇರಿ, ನೀರು ಹೊರಬಿಟ್ಟು, ಗೋಡೆಗೆ ಹೊಲಿದುಕೊಂಡಿದೆ. ಒಂದು ಗ್ರಾಂಗೆ 300 ಚದರ ಮೀಟರ್ ಇರುವ ಸಿಲಿಕಾದಲ್ಲಿ ನೂರಕ್ಕೆ 1 ಪಾಲು ಕ್ರೋಮಿಯಂ ಅಂದರೆ ಒಂದು ಚದರ ನ್ಯಾನೋಮೀಟರಿಗೆ ಸುಮಾರು 0.4 ಅಣು. ಒಬ್ಬರಿಗೊಬ್ಬರು ತಾಗದಷ್ಟು ದೂರ. ಲೋಹ ಇದಕ್ಕಿಂತ ತುಂಬ ಜಾಸ್ತಿ ಸುರಿದರೆ ಗೋಡೆಯಲ್ಲಿ ಜಾಗ ಸಿಗದವು ಹಸಿರು ಹರಳುಗಳಾಗಿ ಸುಮ್ಮನೆ ಕೂರುತ್ತವೆ.

ಕಾಯಿಸಿದಷ್ಟೂ ಸುತ್ತಲಿನ ಸಿಲನಾಲ್‌ಗಳು ಕಡಿಮೆಯಾಗುತ್ತವೆ, ಕ್ರೋಮಿಯಂ ಚುರುಕಾಗುತ್ತದೆ, ಅದು ಹೆಣೆಯುವ ಪ್ಲಾಸ್ಟಿಕ್ ಸರಪಳಿಗಳು ಗಿಡ್ಡವಾಗುತ್ತವೆ. ಸರಪಳಿ ಗಿಡ್ಡ ಆದರೆ ಕರಗಿದ ಪ್ಲಾಸ್ಟಿಕ್ ಸಲೀಸಾಗಿ ಹರಿಯುತ್ತದೆ. ಅಂದರೆ ಕುಲುಮೆಯ ಡಿಗ್ರಿಯನ್ನು ತಿರುಗಿಸಿ ಮುಂದೆ ಬರುವ ಪ್ಲಾಸ್ಟಿಕ್ ಎಷ್ಟು ತೆಳುವಾಗಿ ಹರಿಯಬೇಕು ಅಂತ ನಿರ್ಧರಿಸುತ್ತಾರೆ! ಆದರೆ 900 ಡಿಗ್ರಿ ಮೀರಿ ಸ್ವಲ್ಪ ಮುಂದೆ ಹೋದರೆ ಸಿಲಿಕಾದ ತೂತುಗಳು ಮುಚ್ಚತೊಡಗುತ್ತವೆ, ಕ್ರೋಮಿಯಂ ಕೈಬಿಟ್ಟು ಹಸಿರಾಗುತ್ತದೆ, ಅಲ್ಲಿಗೆ ಮುಗಿಯಿತು. ಏರುತ್ತಾ ಹೋದದ್ದು ಒಮ್ಮೆಲೇ ಬೀಳುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಈ ಸಿಲಿಕಾ ಕಾಳು ಪ್ಲಾಸ್ಟಿಕ್ ಬೆಳೆಯುವಾಗ ಒಡೆದು ಚೂರಾಗಬೇಕು. ತೂತುಗಳೊಳಗೆ ಬೆಳೆಯುವ ಪಾಲಿಮರ್ ಒತ್ತಿ ಒತ್ತಿ ಕಾಳನ್ನು ಸಿಡಿಸುತ್ತದೆ, ಹೊಸ ಮೇಲ್ಮೈ ತೆರೆಯುತ್ತದೆ. ಜಾಸ್ತಿ ಬೆಂದು ಗಟ್ಟಿಯಾದ ಕಾಳು ಒಡೆಯುವುದಿಲ್ಲ, ತೂತು ಕಟ್ಟಿಕೊಂಡು ಉಸಿರುಗಟ್ಟುತ್ತದೆ. ಗಟ್ಟಿತನವೇ ಇಲ್ಲಿ ದೋಷ.

ಲೋಹ ಸಿಲಿಕಾವನ್ನು ಕಾಪಾಡುತ್ತದೋ, ಕೆಡಿಸುತ್ತದೋ?

ಈ ಬಗ್ಗೆ ಎರಡು ಪಕ್ಷಗಳಿವೆ. ಲೋಹ ಸೇರಿಸಿದರೆ ಚೌಕಟ್ಟು ಗಟ್ಟಿಯಾಗುತ್ತದೆ ಅನ್ನುವವರ ಕೈಯಲ್ಲಿ ಒಳ್ಳೆಯ ಸಾಕ್ಷಿ ಇದೆ. ಸ್ವಲ್ಪ ಅಲ್ಯೂಮಿನಿಯಂ ಸೇರಿದ ಸಿಲಿಕಾ ನೀರಿನಲ್ಲಿ ನಿಧಾನವಾಗಿ ಕರಗುತ್ತದೆ, ಜಿರ್ಕೋನಿಯಂ ಸೇರಿದ್ದು ಹಬೆಯನ್ನೂ ಕ್ಷಾರವನ್ನೂ ಹೆಚ್ಚು ತಡೆಯುತ್ತದೆ. ಕೆಡುತ್ತದೆ ಅನ್ನುವವರೂ ಸುಳ್ಳಲ್ಲ. ಸೋಡಿಯಂ ಒಂಚೂರು ಉಳಿದರೂ ಅದು ಆಮ್ಲಜನಕದ ಸೇತುವೆಗಳನ್ನು ಕತ್ತರಿಸುತ್ತದೆ, ಅಡ್ಡಾದಿಡ್ಡಿ ಇದ್ದ ಸಿಲಿಕಾ ಮೆತ್ತಗಾಗಿ, ಶುದ್ಧ ಸಿಲಿಕಾ ತಡೆಯುವ ಶಾಖಕ್ಕಿಂತ ನೂರಾರು ಡಿಗ್ರಿ ಕೆಳಗೇ ಕ್ರಿಸ್ಟೋಬಲೈಟ್ ಅನ್ನುವ ಹರಳಾಗಿಬಿಡುತ್ತದೆ. ಹರಳಾದ ಮೇಲೆ ತೂತು ಎಲ್ಲಿಂದ ಬರಬೇಕು? ಸೋಡಿಯಂ ಸಿಲಿಕೇಟ್‌ನಿಂದ ಜೆಲ್ ಮಾಡುವವರು ಅದನ್ನು ಅಷ್ಟು ತಾಳ್ಮೆಯಿಂದ ತೊಳೆಯುವುದು ಇದಕ್ಕೇ.

ಹಾಗಾಗಿ ಜಗಳ ನಿಜವಾಗಿ ಇರುವುದು ಯಾವ ಲೋಹ, ಎಷ್ಟು ಅನ್ನುವುದರ ಬಗ್ಗೆ. ಸೇತುವೆಯ ಕೊಂಡಿಯಾಗಿ ಸೇರುವ ಲೋಹ ಕಟ್ಟುತ್ತದೆ, ಸೇತುವೆಯನ್ನು ಕತ್ತರಿಸುವ ಲೋಹ ಬೀಳಿಸುತ್ತದೆ. ನಡುವೆ ಇರುವ ಕೋಬಾಲ್ಟ್, ನಿಕ್ಕಲ್‌ಗಳು ಕಷ್ಟದವು. ಇವು ಕಾಯಿಸಿದಾಗ ಸಿಲಿಕಾ ಜೊತೆಗೇ ಕೂಡಿ ಸಿಲಿಕೇಟ್ ಆಗಬಲ್ಲವು. ಉಂಡೆಯಾಗುವುದು ತಪ್ಪುತ್ತದೆ, ಒಳ್ಳೆಯದೇ. ಆದರೆ ಸಿಲಿಕೇಟ್ ಆದ ಕೋಬಾಲ್ಟನ್ನು ಮತ್ತೆ ಲೋಹಕ್ಕೆ ಇಳಿಸುವುದು ತುಂಬ ಕಷ್ಟ, ಮತ್ತು ಕಾರ್ಬನ್ ಮಾನಾಕ್ಸೈಡ್‌ನಿಂದ ದ್ರವ ಇಂಧನ ಮಾಡುವವರಿಗೆ ಬೇಕಾದದ್ದು ಲೋಹದ ಕೋಬಾಲ್ಟ್. ನಿಕ್ಕಲ್‌ನಲ್ಲಿ ಇದನ್ನೇ ಉಪಾಯವಾಗಿ ಬಳಸುತ್ತಾರೆ: ಮೊದಲು ಬೇಕಂತಲೇ ಪದರಪದರದ ಸಿಲಿಕೇಟ್ ಮಾಡಿ, ಆಮೇಲೆ ಹೆಚ್ಚಿನ ಶಾಖದಲ್ಲಿ ಹೈಡ್ರೋಜನ್ ಹರಿಸಿ, ಗೋಡೆಯಿಂದಲೇ ಸಣ್ಣ ಸಣ್ಣ ನಿಕ್ಕಲ್ ಕಣಗಳು ಮೂಡುವ ಹಾಗೆ ಮಾಡುತ್ತಾರೆ.

ಇದರಿಂದ ಮುಂದೆ ಏನಾಗುತ್ತದೆ

ಹೈಡ್ರೋಜನ್ ಇಂಧನದ ಮಾತು ಜಾಸ್ತಿಯಾದಷ್ಟೂ ಸಿಲಿಕಾ ಪೊರೆಗಳ ಮಾತೂ ಬರುತ್ತದೆ. ಹೈಡ್ರೋಜನ್ ಅಣು 0.289 ನ್ಯಾನೋಮೀಟರ್, ಕಾರ್ಬನ್ ಡೈಆಕ್ಸೈಡ್ 0.33, ಸಾರಜನಕ 0.364. ಮೊದಲ ಎರಡರ ನಡುವಿನ ಗಾತ್ರದ ತೂತು ಇದ್ದರೆ ಜರಡಿ ಹಿಡಿದ ಹಾಗೆ ಹೈಡ್ರೋಜನ್ ಮಾತ್ರ ದಾಟುತ್ತದೆ. ಆದರೆ ಹೈಡ್ರೋಜನ್ ಮಾಡುವ ಕಡೆ ಬಿಸಿ ಹಬೆ ಇದ್ದೇ ಇರುತ್ತದೆ, ಹಬೆ ಏನು ಮಾಡುತ್ತದೆ ಅಂತ ಈಗಾಗಲೇ ನೋಡಿದೆವು. ಕೋಬಾಲ್ಟ್, ನಿಕ್ಕಲ್, ಜಿರ್ಕೋನಿಯಂ ಬೆರೆಸಿ ಈ ಪೊರೆಗಳನ್ನು ಹಬೆಗೆ ಗಟ್ಟಿ ಮಾಡುವ ಪ್ರಯತ್ನ ನಡೆದಿರುವುದು ಅದಕ್ಕೇ. ಇಲ್ಲಿ ತೂತು 0.05 ನ್ಯಾನೋಮೀಟರ್ ಕುಗ್ಗಿದರೂ ಜರಡಿ ಕಟ್ಟಿಕೊಳ್ಳುತ್ತದೆ. 'ಶಾಖಕ್ಕೆ ಸ್ಥಿರ' ಅನ್ನುವ ಪದದ ಅರ್ಥ ಇಲ್ಲಿ ಎಷ್ಟು ಕಟ್ಟುನಿಟ್ಟು ನೋಡಿ. ಪ್ಲಾಸ್ಟಿಕ್ ಕ್ಯಾಟಲಿಸ್ಟಿಗೆ ಅದು ಲೆಕ್ಕಕ್ಕೇ ಬಾರದ ಬದಲಾವಣೆ.

ಎರಡನೆಯದು ಮರುಬಳಕೆ. ಕೆಲಸ ಮಾಡುತ್ತಾ ಕ್ಯಾಟಲಿಸ್ಟ್ ಮೇಲೆ ಮಸಿ ಕೂರುತ್ತದೆ, ಅದನ್ನು ಗಾಳಿಯಲ್ಲಿ ಸುಟ್ಟು ತೆಗೆಯುತ್ತಾರೆ. ಮೀಟರ್ 500 ಡಿಗ್ರಿ ತೋರಿಸುತ್ತಿದ್ದರೂ ಮಸಿ ಉರಿಯುವ ಜಾಗದಲ್ಲಿ ಶಾಖ ಅದಕ್ಕಿಂತ ಎಷ್ಟೋ ಮೇಲೇರುತ್ತದೆ, ಮಸಿಯಲ್ಲಿರುವ ಹೈಡ್ರೋಜನ್‌ನಿಂದ ಹಬೆಯೂ ಹುಟ್ಟುತ್ತದೆ. ಲೋಹ ನಡೆಯಲು ಬೇಕಾದದ್ದೆಲ್ಲ ಒಟ್ಟಿಗೆ ಸಿಕ್ಕ ಹಾಗೆ. ಪ್ರಯೋಗಾಲಯದಲ್ಲಿ ಗಟ್ಟಿಯಾಗಿದ್ದದ್ದು ಕೆಲವು ಸುತ್ತಿನ ಮರುಬಳಕೆಯಲ್ಲಿ ಸೋಲುವುದಕ್ಕೆ ಇದು ದೊಡ್ಡ ಕಾರಣ. ಅದಕ್ಕೇ ಆಮ್ಲಜನಕವನ್ನು ಮೊದಲು ಬಲು ತೆಳುವಾಗಿ ಬಿಟ್ಟು ನಿಧಾನವಾಗಿ ಸುಡುತ್ತಾರೆ.

ಮೂರನೆಯದು ನಿಯಮದ ಪ್ರಶ್ನೆ. ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್ ತರುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2017ರಿಂದ ಕ್ರೋಮಿಯಂ ಟ್ರೈಆಕ್ಸೈಡ್ ಬಳಸಲು ಅನುಮತಿ ಬೇಕು, 2025ರಲ್ಲಿ ಅಲ್ಲಿನ ರಾಸಾಯನಿಕ ಸಂಸ್ಥೆ ಈ ಬಗೆಯ ಕ್ರೋಮಿಯಂ ಮೇಲೆ ಹೊಸ ನಿರ್ಬಂಧದ ಪ್ರಸ್ತಾವವನ್ನೂ ಮುಂದಿಟ್ಟಿತು. ಕಾರ್ಮಿಕರ ಆರೋಗ್ಯದ ದೃಷ್ಟಿಯಿಂದ ಇದು ನ್ಯಾಯವಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಪ್ಲಾಸ್ಟಿಕ್ ಕ್ಯಾಟಲಿಸ್ಟ್ ವಿಷಯದಲ್ಲಿ ಮಾತ್ರ ಇದು ಅಷ್ಟು ನೇರವಾಗಿಲ್ಲ. ಚೀಲದಲ್ಲಿ ಬರುವಾಗ ಕ್ರೋಮಿಯಂ ಮೂರು ವೇಲೆನ್ಸಿ, ಹಸಿರು. ಕುಲುಮೆಯಿಂದ ಹೊರಬರುವಾಗ ಆರು, ಕಿತ್ತಳೆ. ಮುಚ್ಚಿದ ಪಾತ್ರೆಯೊಳಗೆ ಎಥಿಲೀನ್ ತಾಗಿದ ಮೇಲೆ ಮತ್ತೆ ಕೆಳಗಿಳಿಯುತ್ತದೆ, ಎರಡಕ್ಕೋ ಮೂರಕ್ಕೋ ಅನ್ನುವುದರ ಮೇಲೆ 70 ವರ್ಷ ದಾಟಿದ ಮೇಲೂ ವಿಜ್ಞಾನಿಗಳ ವಾದ ನಿಂತಿಲ್ಲ. ಅಪಾಯ ಇರುವುದು ನಡುವಿನ ಆ ಕಿತ್ತಳೆ ಹೊತ್ತಿನಲ್ಲಿ: ಕುಲುಮೆಯ ಬಾಯಿ ತೆರೆಯುವಾಗ, ಪುಡಿ ಸಾಗಿಸುವಾಗ, ಸೋಸುಬಟ್ಟೆ ಬದಲಿಸುವಾಗ. ಚೀಲದ ಮೇಲಿನ ಚೀಟಿಯಲ್ಲಿ ಆ ಹೊತ್ತು ಕಾಣಿಸುವುದಿಲ್ಲ.